ಕಾಪರಸನ ಮೂರು ತಲೆಮಾರು

ಸೀಗೆಗುಟ್ಟ, ಬೂದಿಕೋಟೆ ಹೋಬಳಿ
14 ಜುಲೈ 2024

ಮಗಳು ಲಿಖಿತಾಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದೀವಿ. ಹೀಗಂತ ಬರೆದ ಮೇಲೆ ಅನುಮಾನ ಬಂದು, ಎದ್ದು ಹೋಗಿ ನಿಮ್ಮಜ್ಜಿ ಉಸಿರಾಡ್ತಾ ಇದಾರಾ ಅಂತ ನೋಡಿ ಬಂದೆ. ಊಟ ಮಾಡಿ ಮಲಗಿದ್ದರು. ಕಣ್ಣು ಬಿಟ್ಟು, "ಇನ್ನೂ ಓಗಿಲ್ಲ ಕಣೇ ಅರುಣ, ಓಗೋವಾಗ ಯೋಳೇ ಓಗ್ತೀನಿ" ಅಂದರು. ಅದಕ್ಕೇ ಚೆನ್ನಾಗಿದೀವಿ ಅಂತ ಧೈರ್ಯವಾಗಿ ಬರೀತಾ ಇದೀನಿ.

ಹಾಸ್ಟೆಲ್‌ನಲ್ಲಿ ಮೊಬೈಲು ಬಿಡಲ್ಲ, ವಾರ್ಡನ್ ಫೋನಲ್ಲಿ ಮೂರು ನಿಮಿಷ ಅಷ್ಟೇ. ಮೂರು ನಿಮಿಷದಲ್ಲಿ ನನಗೆ ಊಟ ಆಯ್ತಾ, ಜ್ವರ ಇಲ್ಲ ತಾನೇ ಅನ್ನೋದೇ ಮುಗಿಯಲ್ಲ. ನೀನು ಆಚೆಯಿಂದ ಹ್ಞೂಂ ಹ್ಞೂಂ ಅಂತೀಯ, ಬೇಜಾರಾಗಿ ಅಂತೀಯೋ ಹುಷಾರಿಲ್ಲದೆ ಅಂತೀಯೋ ಗೊತ್ತಾಗಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಬಿಡೋಕೆ ಬಂದ ದಿನದ ವಿಷಯ ಮನಸ್ಸಿನಲ್ಲೇ ಕೂತಿದೆ. ಬಸ್‌ಸ್ಟಾಪಿಂದ ನಾನು ಗ್ಯಾಸ್ ನೋಡೋಕೆ ವಾಪಸ್ ಮನೆಗೆ ಹೋಗಬಾರದಾಗಿತ್ತು. ಆಫ್ ಆಗೇ ಇತ್ತು. ಬಂಗಾರಪೇಟೆಯಲ್ಲಿ ಬೆಂಗಳೂರಿಗೆ ಹೋಗೋ ಮಾರಿಕುಪ್ಪಂ ರೈಲು ಕಣ್ಣೆದುರಿಗೇ ಹೋಯಿತು, ಚಿತ್ರದುರ್ಗ ಮುಟ್ಟೋ ಹೊತ್ತಿಗೆ ಎಲ್ಲ ಮಕ್ಕಳೂ ಬಂದು ಕೂತಿದ್ದರು. ಅಷ್ಟು ಜನದ ಮುಂದೆ ನಾನು ವಾರ್ಡನ್ ಮೇಡಂ ಹತ್ತಿರ, ಬಚ್ಚಲ ಬಾಗಿಲಿಗೆ ಚಿಲಕ ಗಟ್ಟಿ ಇದೆಯಾ, ನೀರಿನ ಟ್ಯಾಂಕಿಗೆ ಮುಚ್ಚಳ ಇದೆಯಾ ಅಂತ ಕೇಳಿದ್ದೂ ತಪ್ಪೇ. ಆ ಹುಡುಗೀರು ನಕ್ಕಿದ್ದು ನನಗೂ ಕೇಳಿಸಿತು. ಗೇಟಿನ ಹತ್ತಿರ ನೀನು, "ಇನ್ಮೇಲೆ ನೀನು ಇಲ್ಲಿಗೆ ಬರಬೇಡ, ಅಪ್ಪ ಬಂದರೆ ಸಾಕು" ಅಂದೆ. ಆಯ್ತು. ತಿಂಗಳ ಎರಡನೇ ಭಾನುವಾರದ ಭೇಟಿಗೆ ನಿಮ್ಮಪ್ಪನೇ ಬರ್ತಾರೆ. ಆದರೆ ಅವರು ವಾಪಸ್ ಬಂದು "ಚೆನ್ನಾಗವ್ಳೆ" ಅನ್ನೋದು ಬಿಟ್ಟು ಇನ್ನೊಂದು ಮಾತು ಹೇಳಲ್ಲ.

ಒಂದು ಸುದ್ದಿ. ನಮ್ಮ ಮಹಿಳಾ ಹಾಲಿನ ಸಂಘಕ್ಕೆ ಜನವರಿಗೆ ಇಪ್ಪತ್ತೈದು ವರ್ಷ. ಸೆಕ್ರೆಟರಿ ಶಶಿರೇಖ ಹೆಂಗಸರೇ ಸೇರಿ ಕೇಳಿಕೆ ನಾಟಕ ಆಡಬೇಕು ಅಂತ ಹಟ ಹಿಡಿದಿದಾಳೆ. ನಮ್ಮೂರಲ್ಲಿ ಕೇಳಿಕೆ ಆಡಿ ಎಷ್ಟೋ ವರ್ಷ ಆಯ್ತು, ಆಡಿದಾಗಲೂ ಗಂಡಸರೇ. ಕಲಿಸೋಕೆ ಊರಿಗಾಂನಿಂದ ಚಿಕ್ಕಮುನಿಯಪ್ಪ ಮಾಸ್ತರು ಬರ್ತಾರೆ. ನನಗೂ ಒಂದು ವೇಷ ಕೊಡ್ತೀನಿ ಅಂದಳು. ನಾನು ಹೆದರಿ ಬೇಡ ಅಂದೆ. ಮನೆಗೆ ಬಂದ ಮೇಲೆ ಬೇಕು ಅನ್ನಿಸಿತು. ಬೆಳಿಗ್ಗೆ ಹಾಲು ಹಾಕೋವಾಗ ಹೇಳಿದರೆ ಹನ್ನೆರಡು ವೇಷವೂ ಮುಗಿದುಹೋಗಿದ್ದವು. ತೆರೆ ಹಿಡಿ ಅಂದರು. ಒಪ್ಪಿಕೊಂಡೆ.

ರಾತ್ರಿ ಕಿವಿ ಮುಚ್ಚಿಕೊಂಡು ಮಲಗು.

ಇಂತಿ, ಯಾವಾಗಲೂ ನಿನ್ನದೇ ಯೋಚನೆಯಲ್ಲಿರೋ
ಅಮ್ಮ


ಚಿತ್ರದುರ್ಗ
28 ಜುಲೈ 2024

ಅಮ್ಮನಿಗೆ,

ಕಾಗದ ತಲುಪಿತು. ನನಗೆ ಜ್ವರ ಇಲ್ಲ, ಊಟ ಆಗಿದೆ. ಚಿಲಕ ಗಟ್ಟಿ ಇದೆ. ಟ್ಯಾಂಕಿಗೆ ಮುಚ್ಚಳ ಇದೆ.

ಫಿಸಿಕ್ಸ್ ಕಷ್ಟ. ಉಳಿದದ್ದು ಪರವಾಗಿಲ್ಲ. ಮುಂದಿನ ತಿಂಗಳು ಅಪ್ಪನ ಕೈಲಿ ನನ್ನ ನೀಲಿ ಸ್ವೆಟರ್ ಕಳಿಸು, ಬೇರೇನೂ ಬೇಡ. ಕಳೆದ ಸಲದ ನಿಪ್ಪಟ್ಟು ಇಡೀ ಹಾಸ್ಟೆಲ್ ತಿಂದರೂ ಮುಗಿಯಲಿಲ್ಲ.

ಓದೋದಿದೆ.

ಲಿಖಿತ


ಸೀಗೆಗುಟ್ಟ
25 ಆಗಸ್ಟ್ 2024

ಪ್ರೀತಿಯ ಲಿಖಿತಾ,

ಸ್ವೆಟರ್ ಸಿಕ್ಕಿರಬೇಕು. ಅದರ ಜೊತೆ ಇನ್ನೊಂದು ಸ್ವೆಟರೂ, ಅಮೃತಾಂಜನ ಮೂರು ಡಬ್ಬಿಯೂ ಇಟ್ಟಿದ್ದಕ್ಕೆ ಬೈಬೇಡ.

ಪ್ರಾಕ್ಟೀಸು ಶುರುವಾಗಿದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಆಮೇಲೆ ಹಾಲು ಕರೆಯೋಕೆ ಓಡಬೇಕು. ಕೇಳಿಕೆ ದಿನವೂ ಅಷ್ಟೇ, ಬೆಳಿಗ್ಗೆ ಹಾಲು ಹಾಕಿ ಬಂದು ಹತ್ತಕ್ಕೆ ಶುರು ಮಾಡಿ, ಸಾಯಂಕಾಲದ ಹಾಲಿಗೆ ಮುಂಚೆ ಮುಗಿಸಬೇಕು ಅಂತ ಶಶಿರೇಖ ಹೇಳಿದಳು. ಮಾಸ್ತರಿಗೆ ಪ್ರಾಣವೇ ಹೋಯಿತು. "ಏಮ್ಮಾ, ನಮ್ಮ ತಾತನ ಕಾಲದಿಂದ ಕೇಳಿಕೆ ಅಂದ್ರೆ ದೀಪ ಹಚ್ಚಿ ಶುರು, ಕೋಳಿ ಕೂಗಿ ಮಂಗಳ. ಹಗಲೊತ್ತು ಕಿರೀಟ ಇಟ್ಕೊಂಡ್ರೆ ಬ್ಯಾಂಡ್ ಸೆಟ್ಟೋರು ಅಂದ್ಕೋತಾರಮ್ಮ" ಅಂದರು. ಶಶಿರೇಖ, "ಮಾಸ್ತರೇ, ನಿಮ್ಮ ತಾತ ಹಾಲು ಕರೀತಿದ್ರಾ?" ಅಂದಳು. ಅಲ್ಲಿಗೆ ಹಗಲು ಕೇಳಿಕೆ ಅಂತಲೇ ನಿಂತಿತು.

ತೆರೆ ಹಿಡಿಯೋದೂ ಸುಲಭ ಅಲ್ಲ. ಪ್ರತಿ ವೇಷವೂ ತೆರೆ ಹಿಂದೆ ಕುಣಿಯುತ್ತೆ. ಮುಂದೆ ನಿಂತ ಸಾರಥಿ, "ಈ ಸಭೆಗೆ ಬಂದಂಥವರು ತಾವು ದಾರು, ತಮ್ಮ ನಾಮಾಂಕಿತವೇನು?" ಅಂತ ಕೇಳ್ತಾನೆ. ವೇಷ ತನ್ನ ಹೆಸರು, ಅಪ್ಪ, ತಾತ, ಮುತ್ತಾತ, ಮೂರು ತಲೆಮಾರು ಹೇಳಬೇಕು. ಹೇಳಿದ ಮೇಲೇ ನಾವು ತೆರೆ ಇಳಿಸೋದು. ಹೇಳೋವಾಗ ಸುಮಲತಾಗೂ ಮುತ್ಯಾಲಮ್ಮಗೂ ಮುಖದಲ್ಲಿ ಒಂದು ಕಳೆ ಬರುತ್ತೆ ಕಣಮ್ಮ. ಮನೇಲಿ ಗಂಡ ಹೆಸರು ಹಿಡಿದು ಕೂಗಿದರೆ ಸಾಕು ಅಂತ ಇದ್ದವರು, ಇಲ್ಲಿ ಎದೆ ಎತ್ತಿ ನಾನು ಇಂಥವರ ಮೊಮ್ಮಗ ಅಂತಾರೆ. ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿರ್ತೀನಿ, ನನಗೂ ಯಾರಾದರೂ ಒಂದು ಸಲ ಕೇಳಲಿ ಅನ್ನಿಸುತ್ತೆ.

ಈಗ ಹೇಳೋದಕ್ಕೆ ಬೈಬೇಡ. ನಿನ್ನ ಟ್ರಂಕಿಗೆ ಗೆದ್ದಲು ಹತ್ತಿದೆಯೇನೋ ಅಂತ ತೆಗೆದೆ. ಹತ್ತಿರಲಿಲ್ಲ. ಒಳಗೆ ಮೂಡಗವಿ ರಾಜ್ಯದ ಚರಿತ್ರೆ ಅಂತ ಬರೆದ ಉದ್ದನೆ ನೋಟ್‌ಬುಕ್ಕು ಇತ್ತು. ಓದಿದೆ. ಪೂರ್ತಿ. ಎರಡು ಚಂದ್ರ ಇರೋ ರಾಜ್ಯ, ಒಂದು ಆಕಾಶದಲ್ಲಿ ಹುಟ್ಟಿದರೆ ಇನ್ನೊಂದು ಬಾವಿಯೊಳಗಿಂದ ಹುಟ್ಟುತ್ತೆ. ಬಿಳಿ ಗುಡ್ಡದ ಮೇಲೆ ಹುಲ್ಲೂ ಬೆಳೆಯಲ್ಲ, ಅಲ್ಲಿ ಕೂತವರು ಸುಳ್ಳು ಹೇಳೋ ಹಾಗಿಲ್ಲ. ನಮ್ಮ ಹೊಟ್ಟೇಲಿ ಹುಟ್ಟಿದ ಮಗು ಇದನ್ನೆಲ್ಲ ಎಲ್ಲಿಂದ ತಂದಳು ಅಂತ ಮೈ ಜುಂ ಅಂದಿತು.

ಎರಡು ಪುಟ ಸೇರಿಸಿ ಕೆಂಪು ಪೆನ್ನಲ್ಲಿ ರಾಜವಂಶದ ಮರ ಬರೆದಿದೀಯ. ಮೇಲೆ ಮಹಾರಾಜ. ಕೆಳಗೆ ಒಂದು ಮೂಲೆಯಲ್ಲಿ, ರಾಜನ ಮುತ್ತಾತನ ತಮ್ಮನ ಕವಲಲ್ಲಿ, ಏಳನೇ ಬಾಗಿಲ ಒಡೆಯ ಕಾಪರಸ. ಪಟ್ಟಕ್ಕೆ ಹದಿನೇಳನೆಯವನು. ಅವನು ಮಲಗೋ ಮುಂಚೆ ಕೋಟೆ ಬಾಗಿಲ ಚಿಲಕ ಏಳು ಸಾರಿ ನೋಡ್ತಾನೆ. ಅರ್ಧ ಹರದಾರಿ ಪ್ರಯಾಣಕ್ಕೆ ಮೂರು ದಿನದ ಬುತ್ತಿ ಕಟ್ಟಿಸ್ತಾನೆ. ಕುದುರೆ ಕೆಮ್ಮಿದರೆ ಕುದುರೆ ಜೊತೆ ಅವನೂ ಕಷಾಯ ಕುಡೀತಾನೆ. ಆಸ್ಥಾನದಲ್ಲಿ ಎಲ್ಲರೂ ನಗ್ತಾರೆ. ನನಗೆ ಬಹಳ ಇಷ್ಟವಾದ ದೊರೆ.

ಆ ದೊರೆಯ ವೇಷ ನಾನು ಹಾಕಬಹುದಾ ಅಂತ ಮಾಸ್ತರನ್ನ ಕೇಳಿದೆ. ನಮ್ಮ ಕೇಳಿಕೆ ಕಥೇಲಿ ರತ್ನಪುರದ ರಾಜಕುಮಾರಿಯ ಸ್ವಯಂವರ ಬರುತ್ತೆ. "ಸ್ವಯಂವರಕ್ಕೆ ಯಾವ ದೇಶದ ದೊರೆ ಬಂದ್ರೂ ನಡೀತದೆ. ಆದ್ರೆ ಮೂರು ತಲೆಮಾರು ಯೋಳದೆ ಇದ್ರೆ ನನ್ನ ತೆರೆ ಇಳಿಯಲ್ಲ" ಅಂದರು. ನೀನು ಕಾಪರಸನ ಮೇಲೆ ಮೂರು ಸೊನ್ನೆ ಬರೆದು ಹೆಸರಿಲ್ಲದೆ ಬಿಟ್ಟಿದೀಯ. ಆ ಮೂರು ಹೆಸರು ಕಳಿಸ್ತೀಯಾ? ಅವನನ್ನ ಒಂದು ದಿನಕ್ಕೆ ನನಗೆ ಕೊಡ್ತೀಯಾ?

ನಿನ್ನ ಒಪ್ಪಿಗೆಗೆ ಕಾಯೋ
ಅಮ್ಮ


ಚಿತ್ರದುರ್ಗ
8 ಸೆಪ್ಟೆಂಬರ್ 2024

ಅಮ್ಮ,

ನನ್ನ ಟ್ರಂಕ್ ಯಾಕೆ ತೆಗೆದೆ? ಗೆದ್ದಲು ಹತ್ತಿದ್ದರೆ ಹತ್ತಲಿ. ಆ ನೋಟ್‌ಬುಕ್ ಯಾರೂ ಓದಲಿ ಅಂತ ಬರೆದದ್ದಲ್ಲ.

ಕಾಪರಸ ನಾಟಕಕ್ಕೆ ಅಲ್ಲ. ಬೇರೆ ಯಾರನ್ನಾದರೂ ತಗೋ, ಸೇನಾಪತಿ ಇದಾನೆ, ಅವನಿಗೆ ಹಾರೋ ಕುದುರೆ ಇದೆ. ಕಾಪರಸ ಬೇಡ ಅಂದರೆ ಬೇಡ. ಕಾರಣ ಕೇಳಬೇಡ. ಮೂರು ಹೆಸರೂ ಇಲ್ಲ, ನಾನು ಯೋಚಿಸಿಯೇ ಇಲ್ಲ.

ಪುಸ್ತಕ ಇದ್ದ ಜಾಗದಲ್ಲೇ ಇಡು.

ದಸರಾ ರಜೆಗೆ ಬರಲ್ಲ. ಸ್ಪೆಷಲ್ ಕ್ಲಾಸ್ ಇಟ್ಟಿದಾರೆ, ಬೇಕಾದವರು ಇರಬಹುದು ಅಂತ.

ಲಿಖಿತ


ಸೀಗೆಗುಟ್ಟ
6 ಅಕ್ಟೋಬರ್ 2024

ಲಿಖಿತಾ,

ಪುಸ್ತಕ ಇದ್ದ ಜಾಗದಲ್ಲೇ ಇಟ್ಟೆ. ಕೆಳಗೆ ಹಳದಿ ಚೂಡಿದಾರ, ಮೇಲೆ ಜಾಮಿಟ್ರಿ ಬಾಕ್ಸು, ಹಾಗೇ. ಬೇಗನೆ ಬರೀಬೇಕು ಅಂತ ಎರಡು ಸಲ ಕೂತೆ, ಬರೆದದ್ದೆಲ್ಲ ಅಳುಮುಂಜಿ ಹಾಗೆ ಕಾಣ್ತು, ಹರಿದು ಒಲೆಗೆ ಹಾಕಿದೆ.

ಮಾಸ್ತರಿಗೆ ಕಾಪರಸ ಬರಲ್ಲ ಅಂತ ಹೇಳಿದೆ. "ಯಾಕಮ್ಮ, ಜ್ವರವಾ?" ಅಂದರು. ಅಲ್ಲ, ಅವನ ಮನೇಲಿ ಒಪ್ಪಲಿಲ್ಲ ಅಂದೆ. ಅವರಿಗೆ ಏನರ್ಥ ಆಯ್ತೋ, ತಲೆ ಅಲ್ಲಾಡಿಸಿ, "ದೊಡ್ಡ ಮನೆತನದೋರು ಅಂಗೇ" ಅಂದರು. ಸೇನಾಪತಿ ನನಗೆ ಬೇಡ ಕಣಮ್ಮ. ಹಾರೋ ಕುದುರೆ ಮೇಲೆ ಕೂತರೆ ನಾನು ಕೆಳಗೆ ನೋಡ್ತಾನೇ ಸತ್ತುಹೋಗ್ತೀನಿ.

ಶಶಿರೇಖ ತಮಾಷೆಗೆ, "ಅರುಣಕ್ಕ ತೆರೆ ಹಿಡಿದ್ರೆ ಒಂದೇ ಕಷ್ಟ, ಮಧ್ಯೆ ಮಧ್ಯೆ ತೆರೆಗೆ ತೂತು ಬಿದ್ದೈತಾ ಅಂತ ತಿರುಗಿಸಿ ನೋಡ್ತಾಳೆ" ಅಂದಳು. ಎಲ್ಲರ ಜೊತೆ ನಾನೂ ನಕ್ಕೆ. ಬಿದ್ದಿತ್ತು ಒಂದು ತೂತು. ಮನೆಗೆ ತಂದು ಹೊಲಿದೆ.

ನೀನು ದಸರಾಕ್ಕೆ ಬರಲ್ಲ ಅಂದದ್ದಕ್ಕೆ ನಿಮ್ಮಜ್ಜಿ ಮುನಿನಾರಾಯಣಮ್ಮನವರು ನನ್ನ ಮೇಲೆ ಹಾರಾಡಿದರು. "ಮಗಾನ ಉಸಿರಾಡೋಕೆ ಬಿಡಲ್ಲ ನೀನು. ಬಂದ್ರೆ ಉಂಡ್ಯಾ, ಒಂಟೋದ್ರೆ ಮುಟ್ಟಿದ್ಯಾ. ಅದಕ್ಕೇ ಬರಕ್ಕಿಲ್ಲ ಅಂದವ್ಳೆ" ಅಂದರು. ನಿಜ ಇದ್ದರೂ ಇರಬಹುದು. ಏಳನೇ ಕ್ಲಾಸಲ್ಲಿ ತಮ್ಮ ತಂಗೀರನ್ನ ನೋಡಿಕೋ ಅಂತ ಸ್ಕೂಲು ಬಿಡಿಸಿದರು ನನ್ನ. ಮೂರು ಜನ ಚಿಕ್ಕವರು, ಪಕ್ಕದಲ್ಲೇ ತೆರೆದ ಬಾವಿ. ಆವತ್ತಿನಿಂದ ನೋಡ್ತಾನೇ ಇದೀನಿ. ನೋಡೋದು ನಿಲ್ಲಿಸೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ರಜೆಯಲ್ಲಿ ಹಾಸ್ಟೆಲ್ ಖಾಲಿ ಇರುತ್ತೆ. ಒಬ್ಬಳೇ ಮಹಡಿ ಮೇಲೆ ಹೋಗಬೇಡ. ಹೋದರೂ ಪರವಾಗಿಲ್ಲ, ಗೋಡೆ ಪಕ್ಕ ನಿಲ್ಲಬೇಡ.

ಅಮ್ಮ


ಚಿತ್ರದುರ್ಗ
20 ಅಕ್ಟೋಬರ್ 2024

ಅಮ್ಮ,

ರಜೆಯಲ್ಲಿ ನಾವು ನಾಲ್ಕೇ ಜನ ಇದ್ದೆವು. ಸ್ಪೆಷಲ್ ಕ್ಲಾಸ್ ಎರಡು ದಿನ ಮಾತ್ರ ನಡೆಯಿತು. ಬರಬಹುದಿತ್ತು. ಬರಲಿಲ್ಲ.

ಕಾರಣ ಕೇಳಬೇಡ ಅಂದಿದ್ದೆ. ನೀನು ಕೇಳಲೇ ಇಲ್ಲ. ಕೇಳಿದ್ದರೆ ಜಗಳ ಮಾಡಿ ಸುಮ್ಮನಾಗುತ್ತಿದ್ದೆ.

ಕಾಪರಸ ಅಂದರೆ ನೀನು. ನಿನ್ನನ್ನ ನೋಡಿಯೇ ಬರೆದೆ, ನಗೋದಕ್ಕೆ ಅಂತ. ಟೆಂತ್‌ನಲ್ಲಿದ್ದಾಗ ಬೂದಿಕೋಟೆ ಸ್ಕೂಲಲ್ಲಿ ಊಟದ ಬೆಲ್ ಹೊಡೆದ ಮೇಲೆ ಗೆಳತಿಯರಿಗೆ ಓದಿ ಹೇಳುತ್ತಿದ್ದೆ. ಸೇನಾಪತಿ ಬಂದರೆ ಯಾರೂ ಕೇಳುತ್ತಿರಲಿಲ್ಲ, ಕಾಪರಸನದು ಓದು ಅಂತ ಪೀಡಿಸುತ್ತಿದ್ದರು. ಒಂದು ದಿನ ಒಂದು ಮೋಡವೂ ಇಲ್ಲದ ಬಿಸಿಲಲ್ಲಿ ನೀನು ಛತ್ರಿ ತಂದುಕೊಡೋಕೆ ಕ್ಲಾಸ್‌ರೂಂ ಬಾಗಿಲಿಗೆ ಬಂದೆಯಲ್ಲ, ಆಗ ಕಲ್ಪನ ಪಿಸುಗುಟ್ಟಿದಳು, "ಕಾಪರಸ ಬಂದ." ಇಡೀ ಬೆಂಚು ನಕ್ಕಿತು. ನಾನೂ ನಕ್ಕೆ. ನೀನೂ ಏನೋ ತಮಾಷೆ ಇರಬೇಕು ಅಂತ ನಕ್ಕೆ.

ಇಲ್ಲಿ ಗೇಟಿನ ಹತ್ತಿರ ನಿನಗೆ ಹಾಗೆ ಅಂದದ್ದು ಹುಡುಗಿಯರು ನಕ್ಕರು ಅಂತ ಅಷ್ಟೇ ಅಲ್ಲ. ಇಲ್ಲೂ ಕಾಪರಸ ಬಂದುಬಿಟ್ಟ ಅನ್ನಿಸಿತ್ತು.

ಆ ವೇಷ ಹಾಕಿಕೊಂಡು ನೀನು ಊರ ಮುಂದೆ ನಿಂತರೆ, ನಾನು ಬರೆದ ನಗೆಯ ಮಧ್ಯೆ ನಿನ್ನನ್ನ ನಾನೇ ನಿಲ್ಲಿಸಿದ ಹಾಗೆ. ಅದಕ್ಕೇ ಬೇಡ ಅಂದೆ. ಆ ಪುಟಗಳನ್ನ ಹರಿದು ಹಾಕು.

ಲಿಖಿತ


ಸೀಗೆಗುಟ್ಟ
3 ನವೆಂಬರ್ 2024

ನನ್ನ ಬಂಗಾರ ಲಿಖಿತಾ,

ಗೊತ್ತಿತ್ತು ಕಣಮ್ಮ. ಎರಡನೇ ಸಾಲಿಗೇ ಗೊತ್ತಾಯ್ತು. ಕುದುರೆ ಜೊತೆ ಕಷಾಯ ಕುಡಿಯೋರು ಈ ಸೀಮೆಯಲ್ಲಿ ಇನ್ಯಾರಿದಾರೆ? ನಮ್ಮ ಹಸು ಗೌರಿಗೆ ಕೆಮ್ಮು ಬಂದಾಗ ಮೆಣಸಿನ ಕಷಾಯ ರುಚಿ ನೋಡಿ ಹಾಕಿದ್ದು ನಾನೇ ತಾನೇ.

ಓದಿದಾಗ ಮೊದಲು ಸ್ವಲ್ಪ ಅತ್ತೆ. ಸುಳ್ಳು ಯಾಕೆ ಹೇಳಲಿ. ಕೊಟ್ಟಿಗೇಲಿ ಕೂತು ಅತ್ತೆ. ಆಮೇಲೆ ಆ ಕೆಂಪು ಪೆನ್ನಿನ ಮರವನ್ನ ಮತ್ತೆ ತೆಗೆದು ನೋಡಿದೆ. ಅದರಲ್ಲಿ ನಿಮ್ಮಪ್ಪ ಇಲ್ಲ. ನಿಮ್ಮಜ್ಜಿ ಇಲ್ಲ. ನಿನಗೆ ಪ್ರೈಜು ಕೊಟ್ಟ ಹೆಡ್ಮೇಷ್ಟ್ರೂ ಇಲ್ಲ. ನೀನು ನನ್ನನ್ನ ಅಡುಗೆಯವಳು ಅಂತ ಬರೀಬಹುದಿತ್ತು, ಬಾಗಿಲು ಕಾಯೋ ಆಳು ಅಂತ ಬರೀಬಹುದಿತ್ತು, ಆಗಲೂ ಹುಡುಗೀರು ನಗ್ತಾನೇ ಇದ್ದರು. ನೀನು ರಾಜವಂಶದಲ್ಲಿ ಬರೆದೆ. ಕೊನೇ ಮೂಲೆಯಲ್ಲಾದರೂ ರಾಜನ ರಕ್ತ. ನಗೋದಕ್ಕೆ ಬರೆಯೋವಾಗಲೂ ನಿನ್ನ ಕೈ ನನ್ನನ್ನ ಅದಕ್ಕಿಂತ ಕೆಳಗೆ ಇಳಿಸಲಿಲ್ಲ. ಹದಿನಾರು ಜನ ಸತ್ತರೆ ನಾನೇ ಮಹಾರಾಜ. ನಮ್ಮ ತಾಯಿ ಮನೇಲಿ, ಗಂಡನ ಮನೇಲಿ, ಯಾವ ಕಾಗದದಲ್ಲೂ ನನ್ನ ಹೆಸರು ಅಷ್ಟು ಮೇಲಕ್ಕೆ ಹೋಗಿಲ್ಲ.

ಅದಕ್ಕೇ ಅವನನ್ನ ಕೇಳಿದ್ದು. ನನಗೆ ನಾಚಿಕೆ ಇಲ್ಲ ಲಿಖಿತಾ. ನಿಮ್ಮಜ್ಜಿಗೂ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಊದಿಸಿಕೊಂಡು, "ಅಲ್ಲ, ನಿನ್ನ ಬರದವ್ಳೆ. ನಾನೇನು ಪಾಪ ಮಾಡಿದ್ದೆ? ನನ್ನ ಒಂದು ದಾಸಿ ಅಂತಾದ್ರೂ ಬರೀಬಾರದಾ?" ಅಂದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪುಟ ಹರಿಯಲ್ಲ. ನೀನು ಬಂದು ಕೈ ಹಿಡಿದರೂ ಹರಿಯೋಕೆ ಬಿಡಲ್ಲ.

ಮೂರೇ ಹೆಸರು ಬೇಕಾಗಿರೋದು.

ನಿನ್ನ ಹದಿನೇಳನೆಯವಳು,
ಅಮ್ಮ


ಚಿತ್ರದುರ್ಗ
24 ನವೆಂಬರ್ 2024

ಅಮ್ಮ,

ನಿನ್ನ ಕಾಗದವನ್ನ ಎಷ್ಟು ಸಲ ಓದಿದೆನೋ. ಮೂರು ವಾರ ಬೇಕಾಯಿತು. ಈ ಸಲ ಯಾರನ್ನೂ ನಗಿಸಬೇಕಾಗಿರಲಿಲ್ಲ, ಅದಕ್ಕೇ ಕಷ್ಟವಾಯಿತು. ಬಾಯಿಪಾಠ ಮಾಡು.

ಮುತ್ತಾತ ನಿಟ್ಟರಸ. ಮೂಡಗವಿಯ ಜನ ಊರು ಬಿಟ್ಟು ಕತ್ತಲ ಕಣಿವೆ ದಾಟುವಾಗ ರಾಜ ಎಲ್ಲರಿಗಿಂತ ಮುಂದೆ ಹೋದ, ಇವನು ಎಲ್ಲರಿಗಿಂತ ಹಿಂದೆ ಬಂದ. ತಲೆ ಎಣಿಸಿದಾಗ ಒಂದು ಮುದುಕಿ ಕಡಿಮೆ ಇದ್ದಳು. ಒಬ್ಬನೇ ವಾಪಸ್ ಹೋಗಿ ಹೊತ್ತು ತಂದ.

ತಾತ ಎಚ್ಚರಸ. ದಂಡು ನೀರು ಕುಡಿಯುವ ಮುಂಚೆ ದಾರಿಯ ಪ್ರತಿ ಬಾವಿಯ ನೀರನ್ನೂ ತಾನು ಮೊದಲು ಕುಡಿದು ನೋಡುತ್ತಿದ್ದ. ಸಾಯುವಾಗ ಅವನ ನಾಲಿಗೆ ನೀಲಿಯಾಗಿತ್ತು. ದಂಡಿನಲ್ಲಿ ಒಬ್ಬನೂ ವಿಷದಿಂದ ಸಾಯಲಿಲ್ಲ.

ತಂದೆ ಮಂಜರಸ. ಮೂಡಗವಿಯಲ್ಲಿ ಬೆಂಕಿ ಆರಿದರೆ ಮತ್ತೆ ಹೊತ್ತಿಸೋಕೆ ಬರಲ್ಲ. ನಲವತ್ತು ವರ್ಷ ಅರಮನೆಯ ಒಲೆ ಆರದಂತೆ ಕಾದ. ಅವನ ಹೆಸರಿನಲ್ಲಿ ಒಂದು ಯುದ್ಧವೂ ಇಲ್ಲ, ಆದರೆ ಅವನ ಕಾಲದಲ್ಲಿ ಯಾರೂ ತಣ್ಣಗಿನ ಅನ್ನ ಉಣ್ಣಲಿಲ್ಲ.

ಅಜ್ಜಿಗೆ ಹೇಳು, ಅವಳನ್ನ ದಾಸಿ ಮಾಡಲ್ಲ. ರಾಜಮಾತೆ ಮಾಡಿದೀನಿ, ಎಲ್ಲರನ್ನೂ ಬೈಯುವ ಅಧಿಕಾರ ಕೊಟ್ಟಿದೀನಿ.

ಕಾಪರಸನನ್ನ ನಿನಗೆ ಕೊಟ್ಟಿದೀನಿ. ಒಂದು ದಿನಕ್ಕಲ್ಲ.

ಲಿಖಿತ


ಸೀಗೆಗುಟ್ಟ
8 ಜನವರಿ 2025

ಪ್ರೀತಿಯ ಮಗಳಿಗೆ,

ಆಡಿದೆ ಕಣಮ್ಮ! ಭಾನುವಾರ ಆಡಿದೆ. ಮೀಸೆಯ ಗೋಂದು ಇನ್ನೂ ಮೇಲ್ದುಟಿಗೆ ಅಂಟಿದೆ, ಕೊಬ್ಬರಿ ಎಣ್ಣೆ ಹಚ್ಚಿದರೂ ಹೋಗಿಲ್ಲ.

ಮೊದಲಿನಿಂದ ಹೇಳ್ತೀನಿ. ಒಂದೂವರೆ ತಿಂಗಳು ಆ ಮೂರು ತಲೆಮಾರನ್ನ ಹಾಲು ಕರೆಯೋವಾಗ ಹೇಳಿಕೊಂಡೆ. ಒಂದು ದಿನ ನಿಮ್ಮಜ್ಜಿ ಕೊಟ್ಟಿಗೆ ಬಾಗಿಲಲ್ಲಿ ನಿಂತು, "ಸೀಮೆ ಅಸೂಗೆ ಯಾಕೆ ವಂಶ ಯೋಳ್ತಾ ಇದ್ದೀಯೇ? ಸೂಜಿ ಆಕ್ಸಿ ಉಟ್ಟಿದ್ದು ಅದು, ಅಪ್ಪ ಯಾರು ಅಂತ ಅದಕ್ಕೇ ಗೊತ್ತಿಲ್ಲ. ಯಾಕೆ ಅದರ ಒಟ್ಟೆ ಉರಿಸ್ತೀಯ?" ಅಂದರು. ಆದರೂ ದಿನಾ ಬಂದು ನಿಂತು ಕೇಳೋರು.

ಭಾನುವಾರ ಬೆಳಿಗ್ಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು, ಸಂಘದ ಅಂಗಳದಲ್ಲೇ ಬಣ್ಣ ಹಚ್ಚಿಕೊಂಡೆವು. ಹತ್ತು ಗಂಟೆ ಬಿಸಿಲಿಗೇ ಮಹಾರಾಜನ ವೇಷದ ಶಶಿರೇಖಳ ಬಣ್ಣ ಕುತ್ತಿಗೆಗೆ ಇಳೀತಾ ಇತ್ತು. ಬಂಗಾರಪೇಟೆಯಿಂದಲೂ ಜನ ಬಂದಿದ್ದರು. ಗಂಡಸರು ನೆರಳು ಇದೆ ಅಂತ ಡೈರಿ ಜಗಲಿ ಮೇಲೆ ಕೂತು, "ರಾಜಾ, ಹಾಲು ಎಷ್ಟು ಲೀಟರು?" ಅಂತ ಕೂಗೋರು. ಶಶಿರೇಖ ಕತ್ತಿ ಎತ್ತಿ, "ನೀರು ಬೆರೆಸಿದ ನಿನ್ನ ಹಾಲು ವಾಪಸ್ ಬಂದದ್ದು ಎಷ್ಟು ಲೀಟರು ಅಂತ ಮೊದಲು ಯೋಳಯ್ಯಾ" ಅಂದಳು.

ನಾನು ವೇಷಕ್ಕೆ ಹೋದದ್ದಕ್ಕೆ ತೆರೆ ಹಿಡಿಯೋಕೆ ಒಬ್ಬರು ಕಡಿಮೆ ಬಿದ್ದರು. ನಿಮ್ಮಜ್ಜಿ ತಾನೇ ಎದ್ದು ಬಂದು ಒಂದು ತುದಿ ಹಿಡಿದರು. ಕೈ ನಡುಗುತ್ತೆ ಬೇಡ ಅಂದೆ. "ರಾಜಮಾತೆ ಇಡಿಯೋ ತೆರೆ ಇದು. ನೀನು ಒಳಕ್ಕೋಗು" ಅಂದರು.

ತೆರೆ ಹಿಂದೆ ಗೆಜ್ಜೆ ಕಟ್ಟಿ ನಿಂತೆ. ಮದ್ದಳೆ ಶುರುವಾಯಿತು. ಸಾರಥಿ ವೇಷ ಮಾಸ್ತರದೇ. ಗಂಟಲು ತೆಗೆದು ಕೇಳಿದರು, "ಈ ಸ್ವಯಂವರಕ್ಕೆ ಬಂದಂಥವರು ತಾವು ದಾರು, ತಮ್ಮ ನಾಮಾಂಕಿತವೇನು?"

ನನ್ನನ್ನ ಇದುವರೆಗೂ ಯಾರೂ ಹಾಗೆ ಕೇಳಿರಲಿಲ್ಲ.

"ಭಳಿರೇ ಸಾರಥಿ, ಮೂಡಗವಿಯ ಏಳನೇ ಬಾಗಿಲ ಒಡೆಯ ಕಾಪರಸ ನಾನೇ" ಅಂದೆ. ಮುದುಕಿಯನ್ನ ಹೊತ್ತು ತಂದ ನಿಟ್ಟರಸನನ್ನ ಹೇಳಿದೆ. ನೀಲಿ ನಾಲಿಗೆಯ ಎಚ್ಚರಸನನ್ನ ಹೇಳಿದೆ. ಆಮೇಲೆ ಖಾಲಿ. ಒಂದು ಅಕ್ಷರ ಬರಲಿಲ್ಲ. ಅಪ್ಪನ ಹೆಸರೇ ಮರೆತುಹೋಯಿತು. ಜಗಲಿ ಕಡೆ ಯಾರೋ ಕಿಸಕ್ಕಂತ ನಕ್ಕರು. ಹಾರ್ಮೋನಿಯಂ ಅದೇ ಜಾಗದಲ್ಲೇ ಸುತ್ತುತ್ತಾ ಇತ್ತು. ಓಡಿಹೋಗೋಣ ಅಂತ ತಿರುಗಿದೆ. ಆಗ ತೆರೆಯ ಆ ತುದಿಯಿಂದ ನಿಮ್ಮಜ್ಜಿ ಊರಿಗೆಲ್ಲ ಕೇಳೋ ಹಾಗೆ, "ಮಂಜರಸ ಕಣೇ! ಅಸೂಗೇ ಬಾಯಿಪಾಠ ಆಗೈತೆ, ನಿಂಗೆ ಬರಲ್ವಾ!" ಅಂದರು.

ಏನು ನಗು! ಮಾಸ್ತರೂ ನಕ್ಕರು, ಮದ್ದಳೆಯವನ ಕೈ ತಪ್ಪಿತು. ನಾನೂ ನಕ್ಕೆ. ನಕ್ಕ ಮೇಲೆ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಂಜರಸನ ಒಲೆ ಹೇಳಿದೆ, ತೆರೆ ಇಳಿಯಿತು, ಮುಂದೆ ಬಂದೆ.

ಬಂದವಳೇ ಚಿಲಕ ನೋಡೋ ಆಟ ಆಡಿದೆ. ರತ್ನಪುರದ ಬಾಗಿಲಿಗೂ ಹೋಗಿ ನೋಡಿದೆ, ರಾಜಕುಮಾರಿಯ ಪೆಟ್ಟಿಗೆ ನೋಡಿದೆ, ಜಗಲಿ ಮೇಲಿದ್ದವರ ಚಪ್ಪಲಿ ಸರಿಯಾಗಿ ಜೋಡಿಸಿದೆ. ಜನ ಹೊಟ್ಟೆ ಹಿಡಿದುಕೊಂಡರು. ನಗಲಿ ಅಂತ ನಾನೇ ಮಾಡ್ತಾ ಇದ್ದೆ ಲಿಖಿತಾ, ಅದರ ರುಚಿಯೇ ಬೇರೆ.

ಆಗ ಮಾಸ್ತರು ಪುಸ್ತಕದಲ್ಲಿ ಇಲ್ಲದ ಒಂದು ಮಾತು ಹಾಕಿದರು. ಸಾರಥಿಗೆ ಆ ಹಕ್ಕು ಇದೆ. "ಅಯ್ಯಾ ಕಾಪರಸ, ರಾಜರಿಗೆ ಶೌರ್ಯ ಇರ್ತದೆ. ನಿನಗೆ ಬರೀ ಚಿಲಕ. ಏಳು ಸಾರಿ ನೋಡ್ತೀಯಲ್ಲ, ಅಷ್ಟು ಭಯವಾ?" ಅಂದರು.

ಏನು ಹೇಳಬೇಕು ಅಂತ ನೀನೂ ಬರೆದಿರಲಿಲ್ಲ. ಬಾಯಿ ತಾನೇ ಹೇಳಿತು.

"ಭಯ ಇದೆ ಸಾರಥಿ. ಒಳಗಿರೋರು ನಿದ್ದೆ ಮಾಡಬೇಕು ಅಂದ್ರೆ ಯಾರಾದ್ರೂ ಒಬ್ಬರು ಭಯ ಬೀಳಬೇಕು. ನಮ್ಮ ವಂಶದಲ್ಲಿ ಅದು ನಮ್ಮ ಪಾಲಿಗೆ ಬಂದೈತೆ."

ಮುಂದಿನ ಸಾಲಲ್ಲಿ ಕೂತಿದ್ದ ಹೆಂಗಸರು ನನ್ನನ್ನೇ ನೋಡ್ತಾ ಇದ್ದರು. ಮಾಸ್ತರು ತಾಳ ಕೆಳಗಿಟ್ಟು ಎರಡೂ ಕೈ ಎತ್ತಿ ನನಗೆ ಮುಗಿದರು. ಅದು ಕಥೆಯಲ್ಲಿ ಇರಲಿಲ್ಲ.

ರಾಜಕುಮಾರಿ ಹಾರ ಹಾಕಿದ್ದು ಸುಮಲತಾಗೆ, ಅವಳೇ ವೀರಸೇನ. ನಾನು ದೊರೆಗಳ ಸಾಲಿನ ಕೊನೆಗೆ ಹೋಗಿ ಕೂತೆ. ಕೊನೆ ಅಂತ ಅನ್ನಿಸಲಿಲ್ಲ. ಮೂರೂವರೆಗೆ ಮಂಗಳ ಹಾಡಿ, ಕಿರೀಟ ತೆಗೆದು, ಮೀಸೆ ಮಾತ್ರ ಬರದೆ ಹಾಗೇ ಹೋಗಿ ಹಾಲು ಕರೆದೆ. ಗೌರಿ ಹೆದರಿ ಒದ್ದಳು. ಸ್ವಲ್ಪ ಊತ ಇದೆ, ಯೋಚನೆ ಮಾಡಬೇಡ.

ನಿಮ್ಮಪ್ಪ ಮೊಬೈಲಲ್ಲಿ ತೆಗೆದ ಫೋಟೋ ಬಂಗಾರಪೇಟೆಯಲ್ಲಿ ಪ್ರಿಂಟ್ ಹಾಕಿಸಿ ತಂದರು. ಇದರ ಜೊತೆ ಇಟ್ಟಿದೀನಿ. ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೋ. ಯಾರಿಗೂ ತೋರಿಸಬೇಕು ಅಂತ ಇಲ್ಲ.

ಮೂಡಗವಿಯಿಂದ ಮನೆಗೆ ವಾಪಸ್ ಬಂದಿರೋ
ಅಮ್ಮ


ಚಿತ್ರದುರ್ಗ
27 ಜನವರಿ 2025

ಅಮ್ಮ,

ನಿನ್ನ ಕಾಗದ ಬಂದಾಗ ರೂಮಿನಲ್ಲಿ ಏಳು ಜನ ಇದ್ದೆವು. ಕವರ್ ಹರಿದ ತಕ್ಷಣ ಫೋಟೋ ಕೆಳಗೆ ಬಿತ್ತು. ನಾನು ಬಗ್ಗುವ ಮುಂಚೆ ಪಕ್ಕದ ಮಂಚದವಳು ಎತ್ತಿಕೊಂಡಳು. ಕಿರೀಟ, ಮೀಸೆ, ಬಿಸಿಲಿಗೆ ಅರ್ಧ ಮುಚ್ಚಿದ ಕಣ್ಣು. ಹಿಂದೆ ಹಾಲಿನ ಕ್ಯಾನುಗಳ ಸಾಲು. ಎಲ್ಲರೂ ಮೇಲೆ ಬಿದ್ದು ನೋಡಿದರು. "ಲೇ, ಯಾರೇ ಇದು?" ಅಂದಳು ಒಬ್ಬಳು. ಅವತ್ತು ನೀನು ವಾರ್ಡನ್ ಹತ್ತಿರ ಚಿಲಕದ ವಿಷಯ ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಫೋಟೋ ಕಿತ್ತುಕೊಂಡು ಪೆಟ್ಟಿಗೆಗೆ ಹಾಕಬಹುದಿತ್ತು. ಅದರ ಬದಲು ಹೊದಿಕೆ ತಗೊಂಡು ಇಬ್ಬರ ಕೈಗೆ ಎರಡು ತುದಿ ಕೊಟ್ಟೆ. ಹೀಗೆ ಹಿಡೀರಿ, ನಾನು ಹೇಳಿ ಮುಗಿಸುವವರೆಗೂ ಇಳಿಸಬೇಡಿ ಅಂದೆ. ನಿನ್ನ ಫೋಟೋ ಎದೆಗೆ ಹಿಡಿದುಕೊಂಡು ಹೊದಿಕೆಯ ಹಿಂದೆ ನಿಂತೆ. ಬಂದಂಥವರು ತಾವು ದಾರು ಅಂತ ಕೇಳೋಕೆ ಪಕ್ಕದ ಮಂಚದವಳಿಗೆ ಕಲಿಸಿದೆ. ಅವಳು ನಗುತ್ತಾ ಕೇಳಿದಳು.

ನಾನು ನಗಲಿಲ್ಲ ಅಮ್ಮ. ಎದೆ ಎತ್ತಿ ಜೋರಾಗಿ ಹೇಳಿದೆ. "ಬೂದಿಕೋಟೆ ಹೋಬಳಿ ಸೀಗೆಗುಟ್ಟದ ಅರುಣಕುಮಾರಿ. ನಮ್ಮಮ್ಮ. ಇವಳ ತಾಯಿ ಸೊಣ್ಣಮ್ಮ, ಕೂಲಿ ಮಾಡಿ ನಾಲ್ಕು ಮಕ್ಕಳನ್ನ ಸಾಕಿದವಳು. ಸೊಣ್ಣಮ್ಮನ ತಾಯಿ ಚಿಕ್ಕವೆಂಕಟಮ್ಮ, ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದವಳು." ಅಷ್ಟು ಹೇಳಿ ನಿಂತುಬಿಟ್ಟೆ. ಚಿಕ್ಕವೆಂಕಟಮ್ಮನ ತಾಯಿ ಯಾರು? ನೀಲಿ ನಾಲಿಗೆಯವರನ್ನೆಲ್ಲ ಹುಟ್ಟಿಸಿದೆ, ನಮ್ಮವಳ ಹೆಸರು ಒಂದು ದಿನವೂ ನಿನ್ನನ್ನ ಕೇಳಿರಲಿಲ್ಲ.

ಹೊದಿಕೆ ಇಳಿಸೋಣವಾ ಅಂತ ಹುಡುಗಿಯರು ಕೇಳಿದರು. ಇಲ್ಲ, ಮೂರನೆಯದು ಹೇಳದೆ ಇಳಿಸೋ ಹಾಗಿಲ್ಲ ಅಂದೆ. ಹಾಗಾದರೆ ಯಾವಾಗ ಅಂದರು.

ಫೆಬ್ರವರಿ ಒಂಬತ್ತು ಎರಡನೇ ಭಾನುವಾರ ಅಂತ ಹೇಳಿದೀನಿ. ಅಪ್ಪನನ್ನ ಕಳಿಸಬೇಡ. ನೀನು ಬಂದು ಹೇಳು.

ಅರುಣಕುಮಾರಿಯ ಮಗಳು
ಲಿಖಿತ